ಬಂಕಿಗೆ ಬೈಯುವ ಮುಂಚೆ ಫಿಲ್ಟರಿನ ತಳ ಬಿಚ್ಚಿ ನೋಡಿ

ಡೀಸೆಲ್ ಗಾಡಿ ಹೊಗೆ ಉಗುಳಿದರೆ, ಏರಿನಲ್ಲಿ ಎಳೆಯದಿದ್ದರೆ ಮೊದಲ ಬೈಗುಳ ಬಂಕಿಗೆ: ‘ಸೀಮೆಎಣ್ಣೆ ಬೆರೆಸ್ತಾರೆ ಕಣ್ರೀ!’ ಬೆರೆಸುವವರು ಇಲ್ಲ ಅನ್ನುತ್ತಿಲ್ಲ. ಆದರೆ ಕ್ಯಾನು, ಬ್ಯಾರೆಲ್ಲಿನಲ್ಲಿ ಡೀಸೆಲ್ ತಂದಿಟ್ಟುಕೊಳ್ಳುವ ನಮ್ಮ ಊರುಗಳಲ್ಲಿ ನಾನು ಮೊದಲು ಅನುಮಾನಿಸುವುದು ನೀರನ್ನು.

ಟ್ಯಾಂಕ್ ಅರ್ಧ ಖಾಲಿ ಇಟ್ಟು ರಾತ್ರಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ತಂಪಿಗೆ ತಗಡಿನ ಮೇಲೆ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಬ್ಯಾರೆಲ್ಲು ಹೊರಗೆ ನಿಂತಿದ್ದರಂತೂ ಕೇಳುವುದೇ ಬೇಡ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಹೊಸ ಫಿಲ್ಟರ್ ಹಾಕಿ ತಿಂಗಳಾಗುವುದರೊಳಗೆ ಮತ್ತೆ ಕಟ್ಟಿಕೊಂಡರೆ ಟ್ಯಾಂಕಿನ ತಳ ತೊಳೆಸಬೇಕು, ಫಿಲ್ಟರ್ ಕಂಪನಿ ಬದಲಿಸಿ ಪ್ರಯೋಜನವಿಲ್ಲ.

ಎಲ್ಲ ನಾಝಲ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಒತ್ತಿ ಕೊಡುವ ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಒತ್ತಡ 1,600 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ), ಕೆಲವದರಲ್ಲಿ 2,000. ಬಿಡಿಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಪಂಪಿಗೆ ಡೀಸೆಲ್ಲೇ ಜಿಡ್ಡು. ನೀರು ಹೊಕ್ಕ ಕಡೆ ಆ ಜಿಡ್ಡಿನ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕೂ ಹಿಡಿಯುತ್ತದೆ. ನಾಝಲಿನ ಸೂಜಿ ಸರಿಯಾಗಿ ಕೂರದೆ ಡೀಸೆಲ್ ಮಂಜಿನಂತೆ ಸಿಡಿಯುವ ಬದಲು ತೊಟ್ಟಿಕ್ಕುತ್ತದೆ. ಪೂರ್ತಿ ಉರಿಯದ್ದು ಕರಿಹೊಗೆಯಾಗುತ್ತದೆ, ಮೈಲೇಜ್ ಇಳಿಯುತ್ತದೆ.

‘ಹಳೇ ಲಾರಿ ಸೀಮೆಎಣ್ಣೆ ಕುಡ್ಕೊಂಡೇ ಓಡ್ತಿತ್ತು’ ಅನ್ನುವವರಿಗೆ ಒಂದು ಲೆಕ್ಕ. 2020ರ ಏಪ್ರಿಲ್‌ನಿಂದ, ಅಂದರೆ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಮೇಲೆ, ಡೀಸೆಲ್‌ನಲ್ಲಿ ಗಂಧಕ ಕಿಲೋಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಸೀಮೆಎಣ್ಣೆಯಲ್ಲಿ 2,500ರವರೆಗೂ ಇರಬಹುದು. ಅಂಥದ್ದು ನೂರಕ್ಕೆ ಹತ್ತು ಪಾಲು ಬೆರೆತರೂ 250 ದಾಟಿತು. ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಸ್ಟ್ ಆ ಗಂಧಕಕ್ಕೆ ಸೊರಗುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ತನ್ನನ್ನು ತಾನು ಸುಟ್ಟು ತೊಳೆದುಕೊಳ್ಳಲಾಗದೆ ಕಟ್ಟಿಕೊಳ್ಳುತ್ತದೆ. ಸೀಮೆಎಣ್ಣೆ ತೆಳು, ಜಿಡ್ಡೂ ಕಡಿಮೆ, ಪಂಪು ಸವೆಯುವುದು ಬೇರೆ. ಹಳೇ ಲಾರಿಗೆ ಇವೆಲ್ಲ ಇರಲೇ ಇಲ್ಲವಲ್ಲ!

ಅನುಮಾನವಿದ್ದರೆ ಬಂಕಿನಲ್ಲೇ ಡೆನ್ಸಿಟಿ (ಸಾಂದ್ರತೆ) ಕೇಳಿ. 500 ಮಿ.ಲೀ. ಜಾರ್, ಹೈಡ್ರೋಮೀಟರ್, ಥರ್ಮಾಮೀಟರ್ ಅಲ್ಲೇ ಇರುತ್ತವೆ. 15 ಡಿಗ್ರಿಗೆ ಬದಲಿಸಿದ ಅಂಕಿ ಅವರ ದಾಖಲೆಗಿಂತ ಘನ ಮೀಟರಿಗೆ 3 ಕಿಲೋಗೂ ಹೆಚ್ಚು ಆಚೀಚೆಯಾದರೆ ದೂರು ಕೊಡಿ. ಚೂರುಪಾರು ಕಲಬೆರಕೆ ಮಾತ್ರ ಇದರಲ್ಲಿ ಸಿಕ್ಕಿಬೀಳದು.

ನೀರು ಹಿಡಿಯುವುದು ಇದಕ್ಕಿಂತ ಸುಲಭ. ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಫಿಲ್ಟರ್ ತಳದ ಡ್ರೈನ್ ಪ್ಲಗ್ ಸಡಿಲಿಸಿ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಹಿಡಿಯಿರಿ, ಹತ್ತು ನಿಮಿಷ ಅಲುಗಾಡಿಸಬೇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಬರೀ ಡೀಸೆಲ್ ಬರುವತನಕ ಬಿಟ್ಟು ಪ್ಲಗ್ ಬಿಗಿ ಮಾಡಿ, ಫಿಲ್ಟರಿಗೆ ಡೀಸೆಲ್ ತುಂಬಿಸುವ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಹಳೇ ಟ್ರ್ಯಾಕ್ಟರಾದರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವತನಕ ಏರ್ ತೆಗೆಯಬೇಕು. ಕಾಮನ್ ರೈಲ್ ಗಾಡಿಯಲ್ಲಿ ಏರ್ ತೆಗೆಯಲೆಂದು ನಾಝಲ್ ಪೈಪಿನ ನಟ್ಟಿಗೆ ಮಾತ್ರ ಸ್ಪ್ಯಾನರ್ ಹಾಕಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ.