ಕತ್ತಿನ ಗಡಿ ವಿವಾದ

ಬೆಳಗಾವಿ ಗಡಿಗೆ ಮಹಾಜನ ಆಯೋಗವಾದರೂ ಕೂತಿತ್ತು; ಮನುಷ್ಯನ ಕತ್ತಿಗೆ ಆ ಭಾಗ್ಯವೂ ಇಲ್ಲ. ಆಸ್ಪತ್ರೆಗಳ ಸರ್ವೆ ನಕ್ಷೆಯಂತೆ ಕತ್ತಿನಿಂದ ಮೇಲಿನದು ಮನೋವೈದ್ಯರ ಹೋಬಳಿ, ಕೆಳಗಿನದು ಫಿಸಿಶಿಯನ್ನರದು. ಥೈರಾಯ್ಡ್ ಗ್ರಂಥಿ ಸರಿಯಾಗಿ ಗಡಿಕಲ್ಲಿನ ಮೇಲೇ ಕೂತಿರುವುದರಿಂದ ಅದು ಗೋಮಾಳ. ಪಹಣಿ ಯಾರ ಹೆಸರಿನಲ್ಲೂ ಇಲ್ಲ.

ಆ ಗೋಮಾಳದಲ್ಲಿ ಹಾರ್ಮೋನು ಕಮ್ಮಿಯಾಯಿತೆನ್ನಿ. ಸುಸ್ತು, ಅತಿ ನಿದ್ದೆ, ಮಂಕು, ಮರೆವು, ಯಾವುದೂ ಬೇಡವೆನಿಸುವುದು. ಪಕ್ಕದ ಬೆಂಚಿನ ಖಿನ್ನತೆಯ ಉತ್ತರಪತ್ರಿಕೆ ನೋಡಿ ಬರೆದಂತಿರುತ್ತದೆ. ಚಳಿ ತಡೆಯದಿರುವುದು, ಮಲಬದ್ಧತೆ, ಒರಟು ಚರ್ಮ ಸುಳಿವು ಕೊಡುತ್ತವೆ ನಿಜ. ಆದರೆ ಅವು ಕತ್ತಿನ ಕೆಳಗಿನ ಸರ್ವೆ ನಂಬರುಗಳು, ವಿಚಾರಿಸುವಂತಿಲ್ಲ. ಮೂರ್ನಾಲ್ಕು ಮಿಲಿ ರಕ್ತ ತೆಗೆದು, ಥೈರಾಯ್ಡಿನ ಸ್ಥಿತಿ ಹೇಳುವ ಟಿಎಸ್‌ಎಚ್ ನೋಡಿದರೆ ಮುಗಿಯುವ ಮಾತಿಗೆ ಆರು ವಾರ ಖಿನ್ನತೆಯ ಮಾತ್ರೆ, ಕೇಳದಿದ್ದರೆ ಡೋಸು ದುಪ್ಪಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವಿದ್ಯೆಗೆ ಈಗ ಎಂಡಿ ಬೇಕು.

ನಿಜವಾದ ತಮಾಷೆ ಇರುವುದು ಟೇಪಿನಲ್ಲಿ. ಒಲಾಂಜಪಿನ್, ಕ್ಲೋಜಪಿನ್‌ನಂಥ ಮಾತ್ರೆಗಳು ಭ್ರಮೆ ಇಳಿಸುತ್ತವೆ, ಜೊತೆಗೆ ಹಸಿವು ಕೆರಳಿಸಿ ತೂಕ, ಶುಗರ್, ಕೊಬ್ಬು ಮೂರನ್ನೂ ಏರಿಸುತ್ತವೆ. ಗುಟ್ಟೇನಲ್ಲ. ಅಮೆರಿಕದ ಮಧುಮೇಹ ತಜ್ಞರೂ ಮನೋವೈದ್ಯರೂ 2004ರಲ್ಲೇ ಒಟ್ಟಿಗೆ ಕೂತು (ಪವಾಡವೇ ಸರಿ) ವೇಳಾಪಟ್ಟಿ ಬರೆದಿಟ್ಟರು: ಮಾತ್ರೆ ಶುರುಮಾಡುವ ಮೊದಲು ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿಹೊಟ್ಟೆಯ ಶುಗರ್, ಕೊಲೆಸ್ಟರಾಲ್, 4, 8, 12ನೇ ವಾರ ತೂಕ, 12ನೇ ವಾರ ಮತ್ತೆ ಬಿಪಿ, ರಕ್ತ. ಸುತ್ತಳತೆಗೆ ಬೇಕಾದ ಮಹಾಯಂತ್ರ ದರ್ಜಿಯ ಟೇಪು. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ, ಅಂಗಿ ಸರಿಸಿ, ಉಸಿರು ಬಿಟ್ಟಾಗ ಹಿಡಿಯಬೇಕು. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಹುಷಾರಾಗಬೇಕು. ಮಿದುಳಿನ ಡೋಪಮಿನ್ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುವವರಿಗೆ ಹೊಕ್ಕುಳ ಹತ್ತಿರ ಟೇಪು ಹಿಡಿಯಲು ಯಾಕೋ ನಾಚಿಕೆ. ತೂಕದ ಯಂತ್ರವೇನೋ ಇದೆ. ಮುಳ್ಳು ಎರಡು ಕಿಲೋದಿಂದ ಶುರುವಾಗುತ್ತದೆ, ಮೇಲೆ ಹಳೇ ಫೈಲು ಪೇರಿಸಿದೆ.

ಶುಗರ್ ಏರಿದ ಮೇಲೆ ಗಡಿ ದಾಟಿ ಫಿಸಿಶಿಯನ್ನರಲ್ಲಿಗೆ ಹೋದರೆ, ಅಲ್ಲಿ ಈ ಮಾತ್ರೆಗಳ ಹೆಸರು ಓದಿದೊಡನೆ ಎದೆನೋವೂ "ಟೆನ್ಶನ್" ಆಗಿಬಿಡುತ್ತದೆ, ಇಸಿಜಿ ಉಳಿತಾಯ. ತೀವ್ರ ಮಾನಸಿಕ ಕಾಯಿಲೆಯವರು 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಅದೂ ಹೆಚ್ಚಾಗಿ ತಡೆಯಬಹುದಾದ ದೈಹಿಕ ರೋಗಗಳಿಂದ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾವಿಗೆ ಹೋಬಳಿ ಗೊತ್ತಿಲ್ಲ.

ಮೂರನೆಯ ಪಾಳೇಗಾರರು ಮೂಳೆ ವೈದ್ಯರು. ಮನಸ್ಸಿನ ಅತಿ ಏರಿಳಿತಕ್ಕೆ ಲಿಥಿಯಂ ನುಂಗುತ್ತಿರುವವರು ಮಂಡಿನೋವೆಂದು ಹೋದರೆ ಐಬುಪ್ರೊಫೆನ್ ಬರೆಯುತ್ತಾರೆ. ಮೂತ್ರಪಿಂಡ ಲಿಥಿಯಂ ಹೊರಹಾಕುವುದು ಕಮ್ಮಿಯಾಗಿ, ರಕ್ತದಲ್ಲಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ನಡುವೆ ಇರಬೇಕಾದ ಅದರ ಮಟ್ಟ 1.5 ದಾಟಿದರೆ ವಾಂತಿ, ಕೈನಡುಕ, ತೂರಾಟ. "ಕುಡಿದು ಬಂದಿದಾನೆ" ಎನ್ನುತ್ತಾರೆ ವಾರ್ಡಿನವರು. ಮಟ್ಟ ನೋಡಲು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕು. ಅದನ್ನು ಹೇಳುವುದು ಯಾರ ಕೆಲಸವೂ ಅಲ್ಲದ್ದರಿಂದ, ರೋಗಿ ಬೆಳಗಿನ ಮಾತ್ರೆ ನುಂಗಿಯೇ ಕ್ಯೂ ನಿಲ್ಲುತ್ತಾನೆ.

ಕಡೆಗೆ ಮೂರೂ ವಿಭಾಗ ಪರಸ್ಪರ ಅಭಿಪ್ರಾಯ ಕೋರುತ್ತವೆ. ಮೂರರಿಂದಲೂ ಒಂದೇ ಉತ್ತರ: "ನಮ್ಮ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ." ಚೀಟಿಗೆ ಚೀಟಿ ಸೇರಿ ಫೈಲೂ ದಪ್ಪಗಾಗಿದೆ. ಅದರ ಸುತ್ತಳತೆಯನ್ನೂ ಯಾರೂ ತೆಗೆದಿಲ್ಲ.