ಸ್ಪಷ್ಟನೆ: ಶೇಕ್ಸ್‌ಪಿಯರ್‌ನ ‘ದೌ’ ಗೌರವದ ಮಾತಲ್ಲ

ಶೇಕ್ಸ್‌ಪಿಯರ್‌ನ ನಾಟಕ ‘ಟ್ವೆಲ್ಫ್ತ್ ನೈಟ್’ ಓದುವವರಿಗೆಂದು ನಾನು ಬರೆದ ಟಿಪ್ಪಣಿಯೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆ ಕಾಲದ ಇಂಗ್ಲಿಷಿನಲ್ಲಿ ಎದುರಿನವರನ್ನು ಕರೆಯುವ ಎರಡು ಮಾತುಗಳಲ್ಲಿ ‘ದೌ’ (thou) ಗೌರವದ್ದು, ‘ಯು’ (you) ಸಲಿಗೆಯದು ಎಂದು ಅದರಲ್ಲಿದೆ. ಅದು ತಪ್ಪು. ನಿಜ ಇದರ ಉಲ್ಟಾ. ಒಬ್ಬರ ಜೊತೆ ಮಾತಾಡುವಾಗ ‘ದೌ’ ಹೆಚ್ಚುಕಡಿಮೆ ನಮ್ಮ ‘ನೀನು’, ‘ಯು’ ನಮ್ಮ ‘ನೀವು’.

ಆಧಾರ ನಾಟಕದಲ್ಲೇ ಇದೆ. 3ನೇ ಅಂಕದ 2ನೇ ದೃಶ್ಯ ನೋಡಿ. ಸರ್ ಆಂಡ್ರ್ಯೂ ಕಾಳಗಕ್ಕೆ ಕರೆಯುವ ಪತ್ರ ಬರೆಯಬೇಕು. ಎದುರಾಳಿಯನ್ನು ಮೂರು ಸಲ ‘ದೌ’ ಅಂದರೂ ತಪ್ಪಿಲ್ಲ ಎಂದು ಸರ್ ಟೋಬಿ ಹೇಳಿಕೊಡುತ್ತಾನೆ. ಏಕವಚನದಲ್ಲಿ ಕರೆದು ಕೆಣಕು ಅಂತ ಅರ್ಥ. ಅದು ಗೌರವದ ಮಾತಾಗಿದ್ದರೆ ಈ ಸಲಹೆ ಯಾಕೆ, ಅಲ್ವಾ?

ಆದರೆ ‘ದೌ’ ಬರೀ ಅವಮಾನವೂ ಅಲ್ಲ. ಹಿಂದಿನ ದೃಶ್ಯದಲ್ಲಿ ಒಲಿವಿಯಾ ಸಿಸಾರಿಯೋಗೆ ಪ್ರೀತಿ ತಿಳಿಸುವಾಗ ‘ದೀ’ ಅನ್ನುತ್ತಾಳೆ. ಅದು ‘ದೌ’ನ ಇನ್ನೊಂದು ರೂಪ, ‘ನಿನ್ನನ್ನು’ ಎಂಬಂತೆ. ಸಿಸಾರಿಯೋ ಎಂಬ ಹೆಸರಲ್ಲಿ ಗಂಡಿನ ವೇಷದಲ್ಲಿರುವ ವಯೋಲಾ ಮಾತ್ರ ‘ಯು’ ಎಂದೇ ಉತ್ತರ ಕೊಡುತ್ತಾಳೆ. ಆ ದೂರ ಎಷ್ಟು ಚೆನ್ನಾಗಿ ಕೇಳಿಸುತ್ತದೆ! ಕನ್ನಡದವರಿಗೆ ಇದು ಬೇಗ ಹಿಡಿಯುತ್ತದೆ.

1611ರ ಇಂಗ್ಲಿಷ್ ಬೈಬಲ್ ದೇವರನ್ನು ‘ದೌ’ ಎನ್ನುತ್ತದೆ. ಅದಕ್ಕೇ ನನಗೆ ಅದು ದೊಡ್ಡ ಮಾತು ಅನ್ನಿಸಿತ್ತು. ಆದರೆ ನಾವೂ ದೇವರನ್ನು ‘ನೀನು’ ಎಂದೇ ಕರೆಯುತ್ತೇವೆ.

ಎಲ್ಲ ಸಾಲಿಗೂ ಈ ಲೆಕ್ಕ ಕರಾರುವಾಕ್ಕಾಗಿ ಕೂರುವುದಿಲ್ಲ. ಪಾತ್ರಗಳು ಎರಡನ್ನೂ ಬೆರೆಸಿ ಆಡುತ್ತವೆ.

ದಯವಿಟ್ಟು ಹಳೆಯ ಟಿಪ್ಪಣಿ ಅಳಿಸಿಬಿಡಿ, ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅವರಿಗೆ ಇದನ್ನು ತಲುಪಿಸಿ.