ಕತ್ತರಿಸಿ ಹೋದ ಒಂದು ಗೇಣು ಟೇಪ್

ಹೋದ ತಿಂಗಳು ಮಗಳಿಗೆ ಒಂದು ಸಿನಿಮಾ ತೋರಿಸೋಣ ಅಂತ ಕೂತೆ. ನಾನು ಅವಳ ವಯಸ್ಸಿನಲ್ಲಿದ್ದಾಗ ನಾಲ್ಕೈದು ಸಲ ನೋಡಿದ ಸಿನಿಮಾ. ಒಂದು ಆ್ಯಪ್‌ನಲ್ಲಿ ಕಣ್ಣಿಗೆ ಬಿದ್ದಿತ್ತು, ಆಮೇಲೆ ನೋಡೋಣ ಅಂತ ಪಟ್ಟಿಗೆ ಸೇರಿಸಿಟ್ಟಿದ್ದೆ. ಈಗ ಪಟ್ಟಿ ತೆಗೆದರೆ ಅದಿಲ್ಲ. ಹೆಸರು ಹಾಕಿ ಹುಡುಕಿದೆ. ಅದೇ ತರದ್ದು ಅಂತ ಬೇರೆ ಇಪ್ಪತ್ತು ತೋರಿಸಿತು, ಆದರೆ ಅದನ್ನಲ್ಲ. ಒಪ್ಪಂದದ ಅವಧಿ ಮುಗಿದಿರಬೇಕು. ತೆಗೆಯುತ್ತೇವೆ ಅಂತ ಯಾರೂ ಹೇಳಲಿಲ್ಲ, ಎಲ್ಲಿ ಹೋಯಿತು ಅಂತ ಕೇಳೋಣ ಅಂದರೆ ಅಲ್ಲಿ ಯಾರೂ ಇಲ್ಲ. "ಹೋಗ್ಲಿ ಬಿಡಪ್ಪ, ಬೇರೆ ಯಾವುದಾದರೂ ಹಾಕು" ಅಂದಳು ಮಗಳು. ಅವಳಿಗೆ ಅದು ಸಹಜ. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ವಿಡಿಯೋ ಲೈಬ್ರರಿಗಳ ಬಗ್ಗೆ ಬರೆಯಬೇಕು ಅನಿಸುತ್ತಲೇ ಇದೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ವಿಡಿಯೋ ಲೈಬ್ರರಿ ಅಂದರೆ ನನಗೆ ಮೊದಲು ನೆನಪಾಗುವುದು ಡಬ್ಬಿ ತೆರೆಯುವ ಸದ್ದು. ದಪ್ಪ ಪ್ಲಾಸ್ಟಿಕ್ ಡಬ್ಬಿ, ಉಗುರು ತೂರಿಸಿ ಎಳೆದರೆ ಟಪ್ ಅಂತ ಬಿಟ್ಟುಕೊಳ್ಳುತ್ತಿತ್ತು. ಒಳಗೆ ಕಪ್ಪು ಕ್ಯಾಸೆಟ್, ಅದರ ಮೇಲೆ ಎರಡು ಪುಟ್ಟ ಕಿಟಕಿ, ಒಳಗೆ ಬಿಳಿ ಹಲ್ಲಿನ ಚಕ್ರ. ಟೇಪ್ ಪೂರ್ತಿ ಎಡಗಡೆ ಇದ್ದರೆ ಹಿಂದಿನವರು ರಿವೈಂಡ್ ಮಾಡಿ ಕೊಟ್ಟಿದ್ದಾರೆ ಅಂತ. ಬಲಗಡೆ ಇದ್ದರೆ ಕೊನೆವರೆಗೆ ನೋಡಿದ್ದಾರೆ, ರಿವೈಂಡ್ ಮಾಡೋಕೆ ಸೋಮಾರಿತನ. ಕಾಲು ಭಾಗದಲ್ಲೇ ನಿಂತಿದ್ದರೆ ಯಾರಿಗೋ ಅಲ್ಲಿಗೇ ಸಾಕಾಗಿದೆ. ಅದನ್ನು ನೋಡಿ ಎಷ್ಟೋ ಸಿನಿಮಾ ವಾಪಸ್ ಇಟ್ಟಿದ್ದೇನೆ. ಈಗಿನ ಯಾವ ರೇಟಿಂಗೂ ಅಷ್ಟು ನೇರವಾಗಿ ಹೇಳುವುದಿಲ್ಲ.

ಬೇಕು ಅಂತ ಹೋದದ್ದು ಸಿಗುತ್ತಲೇ ಇರಲಿಲ್ಲ. ಹೊಸದು ಬಂದರೆ ಒಂದೋ ಎರಡೋ ಕ್ಯಾಸೆಟ್, ಅದು ನಮಗಿಂತ ಮುಂಚೆ ಯಾರದ್ದೋ ಮನೆ ಸೇರಿರುತ್ತಿತ್ತು. ಬರಿಗೈಯಲ್ಲಿ ಹೋಗೋಕೆ ಮನಸ್ಸಿಲ್ಲದೆ ಕಪಾಟಿನ ಮುಂದೆ ಸುಮ್ನೆ ನಿಲ್ಲುತ್ತಿದ್ದೆವು. ಪೋಸ್ಟರ್ ನೋಡಿ, ಹಿಂದಿನ ಎರಡು ಸಾಲು ಓದಿ, ಮತ್ತೆ ಇಟ್ಟು, ಮತ್ತೆ ತೆಗೆದು, ಕೊನೆಗೆ ಹೆಸರೇ ಕೇಳದ ಯಾವುದೋ ಒಂದನ್ನು ತರುತ್ತಿದ್ದೆವು. ತಂದ ಮೇಲೆ ನೋಡಲೇಬೇಕು, ಬೇರೆ ಇಲ್ಲ. ಮೊದಲ ಅರ್ಧ ಗಂಟೆ ನಿಧಾನವಾಗಿದ್ದರೂ ಕೂತು ನೋಡುತ್ತಿದ್ದೆವು. ನನಗೆ ಇವತ್ತಿಗೂ ಇಷ್ಟವಾದ ಸಿನಿಮಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಸಿಕ್ಕಿದ ಎರಡನೇ ಆಯ್ಕೆಗಳೇ. ಈಗ ಹತ್ತು ನಿಮಿಷ ನೋಡಿ ಬದಲಾಯಿಸುತ್ತೇನೆ. ನಿಧಾನಕ್ಕೆ ಹಿಡಿಸುವ ಸಿನಿಮಾ ಈಗ ನನ್ನ ಹತ್ತಿರಕ್ಕೂ ಬರುತ್ತಿಲ್ಲ ಅನಿಸುತ್ತೆ.

ಆದರೆ ನಾನು ಹೇಳಬೇಕಾದದ್ದು ಮುಖ್ಯವಾಗಿ ಅದಲ್ಲ. ಕೌಂಟರಿನ ಹಿಂದೆ ಕೂತಿದ್ದ ಅಣ್ಣನ ಬಗ್ಗೆ ಹೇಳಬೇಕು.

ಮೇಲೆ ಹೇಳಿದ ಸಿನಿಮಾ ಕೊಟ್ಟದ್ದು ಅವರೇ. ಮೊದಲ ಸಲ ತಂದಾಗ ಮುಕ್ಕಾಲು ಭಾಗ ಆಗಿತ್ತು, ಒಬ್ಬ ಮುದುಕ ಮನೆ ಬಿಟ್ಟು ಹೊರಡುವ ದೃಶ್ಯ. ಅಷ್ಟರಲ್ಲಿ ಚಿತ್ರ ಅಲುಗಾಡಿ ಪರದೆ ತುಂಬಾ ಬಿಳಿ ಗೆರೆ. ಪ್ಲೇಯರ್ ಒಳಗೆ ಕರಕರ ಸದ್ದು. ಟೇಪ್ ಸಿಕ್ಕಿಹಾಕಿಕೊಂಡಿತ್ತು. ಹೇಗೋ ಹೊರಗೆ ತೆಗೆದರೆ ಕ್ಯಾಸೆಟ್ಟಿನ ಬಾಯಿಂದ ಮುದುಡಿದ ಟೇಪ್ ನೇತಾಡುತ್ತಿದೆ. ಬೈಗುಳ ಗ್ಯಾರಂಟಿ ಅಂದುಕೊಂಡೇ ಮಾರನೇ ದಿನ ಹೋದೆ.

ಅಣ್ಣ ಬೈಯಲಿಲ್ಲ. ಕ್ಯಾಸೆಟ್ ತಿರುಗಿಸಿ ಹಿಂದಿನ ಐದು ಸ್ಕ್ರೂ ಬಿಚ್ಚಿದರು. ಮೇಲಿನ ಮುಚ್ಚಳ ಎತ್ತಿದಾಗ ಮೊದಲ ಸಲ ಕ್ಯಾಸೆಟ್ ಒಳಗೆ ಏನಿರುತ್ತೆ ಅಂತ ನೋಡಿದೆ. ಅರ್ಧ ಇಂಚು ಅಗಲದ ಟೇಪ್, ಎರಡು ಉರುಳೆ, ಪುಟ್ಟ ಸ್ಪ್ರಿಂಗ್. ಇಷ್ಟೇನಾ ಅನಿಸಿತು. ಅವರು ಮುದುಡಿದ ಕಡೆ ಎರಡು ಬದಿಯಲ್ಲೂ ಓರೆಯಾಗಿ ಕತ್ತರಿಸಿದರು. ತುದಿಗೆ ತುದಿ ಸೇರಿಸಿ, ಹಿಂಬದಿಗೆ ತೆಳ್ಳಗಿನ ಅಂಟುಪಟ್ಟಿ ಹಚ್ಚಿ, ಉಗುರಿನಿಂದ ನಿಧಾನಕ್ಕೆ ಒತ್ತಿದರು. ತೆಗೆದು ಹಾಕಿದ್ದು ಒಂದು ಗೇಣು ಇರಬಹುದು. ಹೆಚ್ಚು ಅಂದರೆ ಹತ್ತು ಸೆಕೆಂಡಿನ ಸಿನಿಮಾ. "ಇಲ್ಲಿ ಒಂದು ಸಲ ಹಾರುತ್ತೆ, ಆಮೇಲೆ ಸರಿಯಾಗುತ್ತೆ" ಅಂದರು. ನಾನು ಹೊರಡುವಾಗ ಕರೆದು ಮತ್ತೆ ಹೇಳಿದರು: "ಆ ಹಾರುವ ಜಾಗದಲ್ಲಿ ಮುದುಕ ಹಿಂದೆ ತಿರುಗಿ ನೋಡ್ತಾನೆ. ನೋಡದೇ ಹೋದ ಅಂದ್ಕೋಬೇಡ. ಅದು ಗೊತ್ತಿಲ್ಲದಿದ್ರೆ ಕತೆನೇ ಬೇರೆ ಆಗುತ್ತೆ."

ಆಮೇಲೆ ಆ ಕ್ಯಾಸೆಟ್ ಯಾರು ತೆಗೆದುಕೊಂಡರೂ ಅವರಿಗೆ ಇದೇ ಮಾತು ಹೇಳಿ ಕೊಡುತ್ತಿದ್ದರು. ನಾನೇ ಕಿವಿಯಾರೆ ಕೇಳಿದ್ದೇನೆ. ಕಳೆದುಹೋದ ಹತ್ತು ಸೆಕೆಂಡನ್ನು ಅವರು ಬಾಯಲ್ಲಿ ಕಾಪಾಡಿಟ್ಟಿದ್ದರು.

ಈ ವ್ಯಾಪಾರ ಶುರುವಾದ ಕತೆ ಓದಿದಾಗ ಇನ್ನೊಂದು ವಿಷಯ ಅರ್ಥವಾಯಿತು. ಮನೆಯಲ್ಲಿ ನೋಡುವ ವಿಡಿಯೋ ಕ್ಯಾಸೆಟ್‌ಗಳಲ್ಲಿ ಎರಡು ಬಗೆ: ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಬಂದದ್ದು 1975ರಲ್ಲಿ, ಜೆವಿಸಿ ಕಂಪನಿಯ ವಿಎಚ್‌ಎಸ್ 1976ರಲ್ಲಿ. ಜರ್ಮನಿಯ ಕಾಸೆಲ್ ಊರಿನಲ್ಲಿ 1975ರಲ್ಲೇ ಒಬ್ಬರು ಸಿನಿಮಾ ಬಾಡಿಗೆಗೆ ಕೊಡುವ ಅಂಗಡಿ ತೆಗೆದಿದ್ದರು. ಅಮೆರಿಕದಲ್ಲಿ 1977ರಲ್ಲಿ ಮ್ಯಾಗ್ನೆಟಿಕ್ ವಿಡಿಯೋ ಅನ್ನುವ ಕಂಪನಿ ಫಾಕ್ಸ್ ಸ್ಟುಡಿಯೋದ 50 ಸಿನಿಮಾಗಳ ಹಕ್ಕು ಪಡೆದು ಕ್ಯಾಸೆಟ್ ಮಾಡಿ ಮಾರಿತು. ಲಾಸ್ ಏಂಜಲೀಸ್‌ನ ಜಾರ್ಜ್ ಆಟ್ಕಿನ್ಸನ್ ಅವನ್ನು ಕೊಂಡು ಬಾಡಿಗೆಗೆ ಬಿಟ್ಟರು. ಸ್ಟುಡಿಯೋಗಳಿಗೆ ಇದು ಹಿಡಿಸಲಿಲ್ಲ. ಆದರೆ ಅಲ್ಲಿನ ಕಾನೂನು ಸರಳವಾಗಿತ್ತು: ದುಡ್ಡು ಕೊಟ್ಟು ಕೊಂಡ ಪ್ರತಿ ಕೊಂಡವರದ್ದು. ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ನಕಲು ಮಾತ್ರ ಮಾಡುವ ಹಾಗಿಲ್ಲ.

ಕೊಂಡ ಪ್ರತಿ ಕೊಂಡವರದ್ದು. ನನಗೆ ಇದು ಬಹಳ ದೊಡ್ಡ ಮಾತು ಅನಿಸುತ್ತೆ. ಅಂಗಡಿಯ ಕಪಾಟಿನಲ್ಲಿದ್ದ ಕ್ಯಾಸೆಟ್ ಅಂಗಡಿಯದ್ದು. ತಯಾರಿಸಿದ ಕಂಪನಿ ಮುಚ್ಚಿಹೋಗಲಿ, ಹಕ್ಕು ಯಾರಿಗಾದರೂ ಮಾರಿಹೋಗಲಿ, ರಾತ್ರೋರಾತ್ರಿ ಯಾರೋ ಬಂದು ಕಪಾಟು ಖಾಲಿ ಮಾಡುವ ಹಾಗಿರಲಿಲ್ಲ. ಹರಿದರೆ ಅಂಟಿಸಿ ಮತ್ತೆ ಇಡುತ್ತಿದ್ದರು. ಈಗ ನಾವು ತಿಂಗಳಿಗಿಷ್ಟು ಅಂತ ಕೊಡುತ್ತೇವಲ್ಲ, ಅದು ಕೊಳ್ಳುವುದೂ ಅಲ್ಲ, ಒಂದು ಲೆಕ್ಕದಲ್ಲಿ ಬಾಡಿಗೆಯೂ ಅಲ್ಲ. ಆ್ಯಪ್‌ನವರ ಹತ್ತಿರ ಇರುವ ಸಿನಿಮಾಗಳಲ್ಲಿ ಎಷ್ಟೋ ಅವರದ್ದೂ ಅಲ್ಲ, ಇಷ್ಟು ವರ್ಷ ತೋರಿಸಬಹುದು ಅನ್ನುವ ಒಪ್ಪಿಗೆ ಅಷ್ಟೇ. ಒಪ್ಪಿಗೆ ಮುಗಿದ ದಿನ ಅವರ ಕಪಾಟಿನಿಂದಲೂ ಹೋಗುತ್ತೆ, ನಮ್ಮ ಪಟ್ಟಿಯಿಂದಲೂ ಹೋಗುತ್ತೆ.

ಇನ್ನೊಂದು ಮಾತು. ಇದಕ್ಕೆ ಕೆಲವರು ಜಗಳಕ್ಕೆ ಬರಬಹುದು, ಬನ್ನಿ. ವಿಡಿಯೋ ಅಂಗಡಿಗಳನ್ನು ಕೊಂದದ್ದು ಇಂಟರ್ನೆಟ್ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಚಿಕ್ಕ ಅಂಗಡಿಗಳ ಮೇಲೆ ಮೊದಲ ಪೆಟ್ಟು ಬಿದ್ದದ್ದು ದೊಡ್ಡ ವಿಡಿಯೋ ಅಂಗಡಿಗಳಿಂದಲೇ. 1985ರಲ್ಲಿ ಡಲ್ಲಾಸ್‌ನಲ್ಲಿ ಒಂದು ಅಂಗಡಿಯಾಗಿ ಶುರುವಾದ ಬ್ಲಾಕ್‌ಬಸ್ಟರ್, 2004ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 9,000 ಅಂಗಡಿ ಇಟ್ಟುಕೊಂಡಿತ್ತು. ಬಾಡಿಗೆಗೆ ಅಂತ ಮಾಡಿದ ಕ್ಯಾಸೆಟ್‌ಗಳಿಗೆ ಶುರುವಿನಲ್ಲಿ ಬಹಳ ಬೆಲೆ, ಹಾಗಾಗಿ ಯಾವ ಅಂಗಡಿಗೂ ಜಾಸ್ತಿ ಪ್ರತಿ ತರಿಸೋಕೆ ಆಗುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಬ್ಲಾಕ್‌ಬಸ್ಟರ್ ಸ್ಟುಡಿಯೋಗಳ ಜೊತೆ ಬಾಡಿಗೆಯಲ್ಲಿ ಪಾಲು ಕೊಡುವ ಒಪ್ಪಂದ ಮಾಡಿಕೊಂಡು, ಕಡಿಮೆ ದುಡ್ಡಿಗೆ ರಾಶಿಗಟ್ಟಲೆ ತರಿಸಿತು. ಹೊಸ ಸಿನಿಮಾ ಗೋಡೆ ತುಂಬಾ ಸಿಗುವಾಗ ಜನ ಚಿಕ್ಕ ಅಂಗಡಿಗೆ ಯಾಕೆ ಹೋಗುತ್ತಾರೆ? ಚಿಕ್ಕ ಅಂಗಡಿಯ ಜೊತೆಗೆ ಹಳೆಯ, ಅಪರೂಪದ ಕ್ಯಾಸೆಟ್‌ಗಳೂ ಹೋದವು. ಅವನ್ನು ನೋಡಿದ್ದ ಮನುಷ್ಯರೂ ಹೋದರು. ಹಾಗಾಗಿ ಬ್ಲಾಕ್‌ಬಸ್ಟರಿನ ನೀಲಿ ಹಳದಿ ಬೋರ್ಡಿನ ಫೋಟೋ ಹಾಕಿ ಜನ ಕಣ್ಣೀರು ಹಾಕುವಾಗ ನನಗೆ ಪೂರ್ತಿ ಜೊತೆಯಾಗೋಕೆ ಆಗುವುದಿಲ್ಲ.

ಆಮೇಲಿನದ್ದು ನಿಮಗೆ ಗೊತ್ತೇ ಇದೆ. ಕ್ಯಾಸೆಟ್ ದಪ್ಪ, ಅಂಚೆಯಲ್ಲಿ ಕಳಿಸೋದು ಕಷ್ಟ. ಡಿವಿಡಿ ತೆಳ್ಳಗೆ, ಲಕೋಟೆಯಲ್ಲಿ ಹೋಗುತ್ತೆ. ಅಮೆರಿಕದಲ್ಲಿ ಡಿವಿಡಿ ಬಂದ ವರ್ಷವೇ, 1997ರಲ್ಲಿ, ನೆಟ್‌ಫ್ಲಿಕ್ಸ್ ಹುಟ್ಟಿತು. 2000ದಲ್ಲಿ ಅವರು ಐದು ಕೋಟಿ ಡಾಲರಿಗೆ ತಮ್ಮನ್ನೇ ಕೊಂಡುಕೊಳ್ಳಿ ಅಂತ ಬ್ಲಾಕ್‌ಬಸ್ಟರ್ ಹತ್ತಿರ ಹೋಗಿದ್ದರು, ಬೇಡ ಅನಿಸಿಕೊಂಡು ಬಂದರು. ತಡವಾಗಿ ವಾಪಸ್ ಕೊಟ್ಟರೆ ದಂಡ ಅನ್ನುವ ಪದ್ಧತಿಯ ಮೇಲೆ ಜನರಿಗೆ ಮೊದಲೇ ಸಿಟ್ಟಿತ್ತು. ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ಈಗ ಆ ಹೆಸರಿನಲ್ಲಿ ಉಳಿದಿರುವುದು ಆರೆಗಾನ್‌ನ ಬೆಂಡ್ ಊರಿನ ಒಂದೇ ಅಂಗಡಿ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್, ಅಂದರೆ ಕ್ಯಾಸೆಟ್ ಹಾಕುವ ಪ್ಲೇಯರ್, ತಯಾರಿಸುವುದನ್ನೇ ನಿಲ್ಲಿಸಿತು. 2023ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನೂ ನಿಲ್ಲಿಸಿತು. ಆನ್‌ಲೈನಿನಲ್ಲಿ ಎಲ್ಲೂ ಇಲ್ಲದ ಎಷ್ಟೋ ಸಿನಿಮಾ ಆ ಲಕೋಟೆಗಳಲ್ಲಿ ಜನರ ಮನೆಗೆ ಹೋಗುತ್ತಿದ್ದವು. ಈ ಸುದ್ದಿ ಓದಿದ ದಿನ, ಅದರ ಗ್ರಾಹಕ ನಾನಲ್ಲದಿದ್ದರೂ, ಬೇಜಾರಾಯಿತು.

ಇವೆಲ್ಲದರ ನಡುವೆ ನನ್ನನ್ನು ಬಿಡದೇ ಕಾಡಿದ್ದು ನ್ಯೂಯಾರ್ಕಿನ ಕಿಮ್ಸ್ ವಿಡಿಯೋದ ಕತೆ. ಯಾಂಗ್‌ಮನ್ ಕಿಮ್ ಅನ್ನುವವರ ಅಂಗಡಿ ಅದು. ಬೇರೆಲ್ಲೂ ಸಿಗದ ಸಿನಿಮಾ ಅಲ್ಲಿ ಸಿಗುತ್ತೆ ಅನ್ನುವ ಹೆಸರಿತ್ತು. ಅಂಗಡಿ ಮುಚ್ಚಬೇಕಾಗಿ ಬಂದಾಗ ಅವರು ಸಂಗ್ರಹವನ್ನು ಬಿಡಿಬಿಡಿಯಾಗಿ ಮಾರಲಿಲ್ಲ. ಪೂರ್ತಿಯಾಗಿ ಇಟ್ಟುಕೊಳ್ಳುವವರಿಗೆ, ಸದಸ್ಯರು ಬಂದರೆ ನೋಡೋಕೆ ಕೊಡುವವರಿಗೆ, ಸುಮ್ನೆ ಕೊಟ್ಟುಬಿಡುತ್ತೇನೆ ಅಂದರು. ಸುಮಾರು 55,000 ಸಿನಿಮಾ ಹಡಗು ಹತ್ತಿ ಇಟಲಿಯ ಸಿಸಿಲಿ ದ್ವೀಪದ ಸಾಲೇಮಿ ಅನ್ನುವ ಪುಟ್ಟ ಊರಿಗೆ ಹೋದವು. ಅಲ್ಲಿ ಅಂದುಕೊಂಡ ಹಾಗೆ ಆಗಲಿಲ್ಲ, ವರ್ಷಗಟ್ಟಲೆ ಜನರ ಕೈಗೆ ಸಿಗದೆ ಬಿದ್ದಿದ್ದವು. ಕೊನೆಗೆ 2022ರಲ್ಲಿ ನ್ಯೂಯಾರ್ಕಿಗೆ ವಾಪಸ್ ಬಂದು ಒಂದು ಚಿತ್ರಮಂದಿರದ ಒಳಗೆ ಮತ್ತೆ ಕಪಾಟು ಸೇರಿದವು. ಸಿಯಾಟಲ್‌ನ ಸ್ಕೇರ್‌ಕ್ರೋ ವಿಡಿಯೋ ಇನ್ನೂ ಇದೆ. 2014ರಲ್ಲಿ ಲಾಭದ ಆಸೆ ಬಿಟ್ಟು ಸಂಸ್ಥೆಯಾಯಿತು, ಈಗ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಸಿನಿಮಾ ಇಟ್ಟುಕೊಂಡಿದೆ. ಇವರೆಲ್ಲ ಮಾಡುತ್ತಿರುವುದು ನಮ್ಮ ಅಣ್ಣ ಉಗುರಿನಲ್ಲಿ ಅಂಟುಪಟ್ಟಿ ಒತ್ತುತ್ತಿದ್ದರಲ್ಲ, ಅದೇ ಕೆಲಸ.

ಆ್ಯಪ್‌ಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಹತ್ತಿರದಲ್ಲಿ ಒಂದು ಅಂಗಡಿಯೂ ಇಲ್ಲದ ಎಷ್ಟೋ ಜನರಿಗೆ ಅವು ಸಿನಿಮಾ ತಲುಪಿಸಿವೆ. ಕಾಲು ನಡೆಯದವರಿಗೆ, ಮಲಗಿದಲ್ಲೇ ಇರುವವರಿಗೆ ಅದು ಎಷ್ಟು ದೊಡ್ಡ ವರ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ತಕರಾರು ಒಂದೇ. ಇರುವುದೆಲ್ಲ ಅಲ್ಲೇ ಇದೆ ಅಂತ ನಾವು ನಂಬಿಬಿಟ್ಟಿದ್ದೇವೆ. ಇಲ್ಲದ್ದು ನಮಗೆ ಕಾಣುವುದೇ ಇಲ್ಲ. ಕಪಾಟಿನಲ್ಲಿ ಒಂದು ಕ್ಯಾಸೆಟ್ ಹೋದರೆ ಅಲ್ಲಿ ಖಾಲಿ ಜಾಗ ಕಾಣುತ್ತಿತ್ತು. "ಅದು ಹೊರಗೆ ಹೋಗಿದೆ, ಗುರುವಾರ ಬಾ" ಅನ್ನೋಕೆ ಒಬ್ಬರು ಇದ್ದರು. ಪರದೆಯ ಮೇಲೆ ಒಂದು ಹೋದರೆ ಇನ್ನೊಂದು ಸರಿದು ಆ ಜಾಗ ತುಂಬಿಕೊಳ್ಳುತ್ತೆ, ಹೋದದ್ದರ ಗುರುತೇ ಇರುವುದಿಲ್ಲ.

ಅಣ್ಣನಿಗೂ ನಮ್ಮ ಬಗ್ಗೆ ಎಲ್ಲಾ ಗೊತ್ತಿತ್ತು ಅಲ್ವಾ. ಯಾರು ಯಾವುದು ನೋಡುತ್ತಾರೆ ಅಂತ ಅವರ ಪುಸ್ತಕದಲ್ಲಿ ಇರುತ್ತಿತ್ತು. ಒಬ್ಬರ ಪುಟ ಇನ್ನೊಬ್ಬರಿಗೆ ತೋರಿಸುತ್ತಿರಲಿಲ್ಲ. ಅಮೆರಿಕದಲ್ಲಿ 1987ರಲ್ಲಿ ನ್ಯಾಯಾಧೀಶ ರಾಬರ್ಟ್ ಬೋರ್ಕ್ ಅವರ ಮನೆಯವರು ತೆಗೆದುಕೊಂಡ ಕ್ಯಾಸೆಟ್‌ಗಳ ಪಟ್ಟಿ ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಮರುವರ್ಷವೇ ಬಾಡಿಗೆ ವಿವರ ಹೊರಗೆ ಬಿಡಬಾರದು ಅಂತ ಕಾನೂನು ಬಂತು. ನಮ್ಮ ಅಣ್ಣನಿಗೆ ಅದಕ್ಕೆ ಕಾನೂನು ಬೇಕಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾಗಿ ಮುಖ ಊದಿಸಿಕೊಂಡು ಹೋದ ದಿನ, ನಾನು ತೆಗೆದ ಕ್ಯಾಸೆಟ್ ವಾಪಸ್ ಇಡಿಸಿ ಒಂದು ನಗೆಚಿತ್ರ ಕೈಗಿಟ್ಟಿದ್ದರು. ಹಿಂದಿನ ವಾರ ಏನು ನೋಡಿದೆ ಅನ್ನುವುದನ್ನು ನೋಡಿ ಕೊಟ್ಟದ್ದಲ್ಲ ಅದು, ನನ್ನ ಮುಖ ನೋಡಿ ಕೊಟ್ಟದ್ದು. ಹೊಸ ಸಿನಿಮಾ ಕೇಳಿಕೊಂಡು ಬಂದ ದೊಡ್ಡವರಿಗೂ "ಇದೊಂದು ನೋಡಿ, ಇಷ್ಟ ಆಗದಿದ್ರೆ ಬಾಡಿಗೆ ಬೇಡ" ಅನ್ನುತ್ತಿದ್ದರು. ತನ್ನ ಮಾತಿಗೆ ತಾನೇ ಹೊಣೆ ಹೊತ್ತು ಸಿನಿಮಾ ಕೊಡುವವರನ್ನು ಆಮೇಲೆ ನಾನು ನೋಡಿಲ್ಲ.

ಅಂಗಡಿ ಯಾವತ್ತು ಮುಚ್ಚಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ನಾನು ಹೋಗುವುದನ್ನು ಬಿಟ್ಟು ಎಷ್ಟೋ ದಿನ ಆಗಿತ್ತು. ಇದನ್ನು ಬರೆಯುವಾಗಲೂ ಎದೆ ಭಾರ ಆಗುತ್ತೆ.

ಇರಲಿ. ಆ ಸಿನಿಮಾದ ಹಳೆಯ ಡಿವಿಡಿ ಒಂದನ್ನು ಹುಡುಕಿ ಹುಡುಕಿ ತರಿಸಿದೆ. ಹಾಕೋಕೆ ಪ್ಲೇಯರ್ ಒಬ್ಬ ಗೆಳೆಯನ ಅಟ್ಟದಿಂದ ಬಂತು. ಮೊನ್ನೆ ಭಾನುವಾರ ಮಗಳ ಜೊತೆ ಕೂತು ನೋಡಿದೆ. ಅವಳು ಮೊದಲ ಅರ್ಧ ಗಂಟೆ ಎರಡು ಸಲ ಫೋನ್ ತೆಗೆದಳು, ಆಮೇಲೆ ತೆಗೆಯಲಿಲ್ಲ. ಮುದುಕ ಮನೆ ಬಿಟ್ಟು ಹೊರಡುವ ದೃಶ್ಯ ಬಂತು. ನನಗೆ ಗೊತ್ತಿಲ್ಲದ ಹಾಗೆ ಮೈ ಬಿಗಿಯಾಯಿತು, ಈಗ ಹಾರುತ್ತೆ ಅಂತ. ಹಾರಲಿಲ್ಲ. ಮುದುಕ ಬಾಗಿಲ ಹತ್ತಿರ ಹೋದ, ಹೊಸ್ತಿಲ ಮೇಲೆ ನಿಂತ, ತಿರುಗಿ ನೋಡಿದ. ಇಷ್ಟು ವರ್ಷ ಅಣ್ಣನ ಮಾತು ನಂಬಿಕೊಂಡು ನಾನೇ ಮನಸ್ಸಿನಲ್ಲಿ ಸೇರಿಸಿಕೊಂಡಿದ್ದ ನೋಟ ಅದು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ನೋಡುತ್ತಾನೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೇ ಇರುತ್ತೆ. ಅದನ್ನು ಅಣ್ಣ ಹೇಳಿರಲಿಲ್ಲ.